ಚಿಕ್ಕ ಗಣಕಯಂತ್ರವೂ ಹಳೆಯ ಡಿಸ್ಕೂ

ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯು 543ನೆಯ ಇಸವಿಯಲ್ಲಿ ಕೆತ್ತಿಸಿದ ಶಾಸನವನ್ನೂ, ಸುಮಾರು 700ನೆಯ ಇಸವಿಯ ಕಪ್ಪೆ ಅರಭಟ್ಟನ ಶಾಸನವನ್ನೂ ನೋಡಹೋದವರಲ್ಲಿ ಹಲವರಿಗೆ ಗೀರುಗಳ ಹೊರತು ಬೇರೇನೂ ಕಾಣದು. ಕಲ್ಲಿನಲ್ಲಿ ಬರಹವಿಲ್ಲವೆಂದಲ್ಲ; ಆ ಲಿಪಿಯನ್ನು ಅವರು ಅರಿಯರು. ಗಣಕಯಂತ್ರಕ್ಕೂ ಇದೇ ಸ್ಥಿತಿಯು ಒದಗುವುದುಂಟು. ಹಳೆಯ ಡಿಸ್ಕನ್ನು ಜೋಡಿಸಿದಾಗ ಯಂತ್ರವು ಅದರ ಗುರುತು ತನಗಿಲ್ಲವೆಂದರೆ, ಅವಸರದವರು ಡಿಸ್ಕು ಕೆಟ್ಟಿತೆಂದೆಣಿಸಿ ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ಓದಬರಲಿಲ್ಲವೆಂದು ಶಾಸನವನ್ನು ಉಳಿಯಿಂದ ಹೆರೆದಂತಾಯಿತು!

ಡಿಸ್ಕಿನಲ್ಲಿ ಯಾವ ಕಡತವು ಎಲ್ಲಿದೆ, ಅದರ ಹೆಸರೇನು, ಉದ್ದವೆಷ್ಟು ಎಂಬುದನ್ನು ಬರೆದಿಡುವ ಕ್ರಮಕ್ಕೆ ಕಡತವ್ಯವಸ್ಥೆಯೆಂದು ಹೆಸರು. ಎಕ್ಸ್ಟ್4, ಫ್ಯಾಟ್, ಎಕ್ಸ್‌ಎಫ್‌ಎಸ್ ಮುಂತಾಗಿ ಇವು ಹಲವು. ಲಿನಕ್ಸಿನ ತಿರುಳಾದ ಕರ್ನೆಲ್ಲು ಪ್ರತಿಯೊಂದನ್ನೂ ಓದುವ ವಿದ್ಯೆಯನ್ನು ಬೇರೆಬೇರೆಯಾಗಿ ಕಲಿಯಬೇಕು. ಆ ವಿದ್ಯೆಯನ್ನು ಕರ್ನೆಲ್ಲಿನೊಳಗೇ ಸೇರಿಸಬಹುದು, ಇಲ್ಲವೆ ಬೇಕಾದಾಗ ಕೂಡಿಸತಕ್ಕ ಮಾಡ್ಯೂಲಾಗಿ ಹೊರಗಿಡಬಹುದು. ಯಂತ್ರವು ತಾನೇ ಏಳುವುದಕ್ಕೆ ಬೇಕಾದ ವ್ಯವಸ್ಥೆಯನ್ನಾದರೋ ಆ ಡಿಸ್ಕಿನಲ್ಲಿಯೇ ಮಾಡ್ಯೂಲಾಗಿ ಇಟ್ಟು ಸುಮ್ಮನಿರಲಾಗದು. ಪೆಟ್ಟಿಗೆಯ ಕೀಲಿಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತಾಗುವದು.

ಲಿಪಿಗಳು ಮರೆಯಾಗುವಂತೆ ಈ ವ್ಯವಸ್ಥೆಗಳೂ ಮರೆಯಾಗುತ್ತವೆ. ರೈಸರ್‌ಎಫ್‌ಎಸ್ ಎಂಬುದು 2001ರಲ್ಲಿ ಲಿನಕ್ಸನ್ನು ಸೇರಿ ಬಹು ಬಳಕೆಯಲ್ಲಿತ್ತು. 2025ರ ಜನವರಿಯಲ್ಲಿ ಹೊರಟ 6.13ನೆಯ ಕರ್ನೆಲ್ಲಿನಿಂದ ಅದನ್ನು ತೆಗೆದುಹಾಕಿದರು. 6.12ರ ಮೂಲಬರಹದಲ್ಲಿ ಅದು ಇನ್ನೂ ಇದೆ. ಅಂಥ ಹಳೆಯ ಡಿಸ್ಕುಳ್ಳವರು ಇದನ್ನು ನೆನಪಿಡತಕ್ಕದ್ದು.

2012ರಲ್ಲಿ ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಅಂಗೈಯಗಲದ ಒಂದೇ ಹಲಗೆಯ ಯಂತ್ರವು. ಇದರಲ್ಲಿ 6.12ರ ಕರ್ನೆಲ್ಲು ಇದ್ದು, ಬೇಕಾದ ಮಾಡ್ಯೂಲು ಇಲ್ಲದಿದ್ದರೆ ಅದನ್ನು ನಾವೇ ಕಟ್ಟಬಹುದು. ಮೊದಲು ‘ಯುನೇಮ್ -ಆರ್’ ಎಂದು ಕೇಳಿ, ಓಡುತ್ತಿರುವ ಕರ್ನೆಲ್ಲಿನ ಆವೃತ್ತಿಯನ್ನು ಅಕ್ಷರಕ್ಷರವಾಗಿ ಬರೆದುಕೊಳ್ಳಬೇಕು. ಅದೇ ಆವೃತ್ತಿಯ ಮೂಲಬರಹವನ್ನೂ, ಆ ಕರ್ನೆಲ್ಲನ್ನು ಕಟ್ಟಿದಾಗಿನ ಆಯ್ಕೆಗಳ ಪಟ್ಟಿಯನ್ನೂ, ಅದರ ಹೆಡರುಗಳೊಡನೆ ಬರುವ ‘ಮಾಡ್ಯೂಲ್.ಸಿಮ್‌ವರ್ಸ್’ ಎಂಬ ಕಡತವನ್ನೂ ತರಿಸಿ, ಪಟ್ಟಿಯಲ್ಲಿ ಬೇಕಾದ ವ್ಯವಸ್ಥೆಯೆದುರಿಗೆ ‘ಎಮ್’ ಎಂದು ಗುರುತಿಸಿ, ‘ಮೇಕ್’ ಎಂಬ ಆಜ್ಞೆಯಿಂದ ಆ ಒಂದು ಭಾಗವನ್ನಷ್ಟೇ ಕಟ್ಟಬೇಕು. ಇಡೀ ಕರ್ನೆಲ್ಲನ್ನು ಈ ಚಿಕ್ಕ ಯಂತ್ರದಲ್ಲಿ ಕಟ್ಟಲು ಹಲವು ತಾಸುಗಳು ಹಿಡಿದಾವು. ನಡುವೆ ವಿದ್ಯುತ್ತು ಹೋದರೂ ಚಿಂತೆಯಿಲ್ಲ. ಮರಳಿ ಆಜ್ಞೆಯಿತ್ತರೆ ಸಾಮಾನ್ಯವಾಗಿ ನಿಂತಲ್ಲಿಂದ ಕೆಲಸವು ಮುಂದುವರಿಯುವದು. ಬಾಗಲಕೋಟೆಯ ಬೇಸಗೆಯನ್ನು ಬಲ್ಲವರು ಮಾತ್ರ ಯಂತ್ರದ ಹತ್ತಿರ ಚಿಕ್ಕ ಪಂಖವನ್ನಿಡುವುದು ಲೇಸು. ಅದರ ಚಿಪ್ಪು 80 ಡಿಗ್ರಿ ದಾಟಿದರೆ ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ.

ಆವೃತ್ತಿಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟೇಕೆ? ಹುನಗುಂದದ ನೆರೆಯ ಇಳಕಲ್ಲಿನ ಮಗ್ಗಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅಲ್ಲಿ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆಯಿಟ್ಟು ಕೂಡಿಸುತ್ತಾರೆ. ಒಡಲಿಗೆ ಹೊಂದದ ಸೆರಗು ಎಷ್ಟು ಚಂದವಾದರೂ ನಿಲ್ಲದು. ಮಾಡ್ಯೂಲೂ ಹಾಗೆಯೇ. ಅದರೊಳಗಿನ ಆವೃತ್ತಿಯ ಮುದ್ರೆಯು ಓಡುವ ಕರ್ನೆಲ್ಲಿನದಕ್ಕೆ ಹೊಂದದಿದ್ದರೆ ಕರ್ನೆಲ್ಲು ಅದನ್ನು ಒಲ್ಲೆನೆನ್ನುವದು. ಬಲವಂತದಿಂದ ಕೂಡಿಸುವ ದಾರಿಯೂ ಉಂಟು. ಡಿಸ್ಕಿನ ಮೇಲೆ ಕೈಯಾಡಿಸುವ ಮಾಡ್ಯೂಲಿಗೆ ಆ ದಾರಿಯು ಸಲ್ಲದೆಂದೇ ನನ್ನ ಮತ.

ಕಟ್ಟಿದ ಮಾಡ್ಯೂಲನ್ನು ಅದರ ಸ್ಥಾನದಲ್ಲಿಟ್ಟು ‘ಡೆಪ್‌ಮಾಡ್’, ಬಳಿಕ ‘ಮಾಡ್‌ಪ್ರೋಬ್’ ಎಂದರೆ ಅದು ಕರ್ನೆಲ್ಲಿಗೆ ಕೂಡಿಕೊಳ್ಳುವದು. ಆದರೆ ಡಿಸ್ಕನ್ನು ಒಡನೆಯೇ ತೆರೆಯಬಾರದು. ಮೊದಲು ‘ಡಿಡಿ’ಯಿಂದ ಇಡೀ ಡಿಸ್ಕಿನ ಪ್ರತಿಯೊಂದನ್ನು ತೆಗೆದು, ಆ ಪ್ರತಿಯನ್ನೇ ತೆರೆಯತಕ್ಕದ್ದು. ಓದುವುದಕ್ಕೆ ಮಾತ್ರವೆಂದು ಅಪ್ಪಣೆಯಿತ್ತರೂ ರೈಸರ್‌ಎಫ್‌ಎಸ್, ಎಕ್ಸ್ಟ್4 ಮುಂತಾದವು ಅರ್ಧಕ್ಕೆ ನಿಂತ ತಮ್ಮ ದಿನಚರಿಯನ್ನು ಪೂರೈಸಲು ಡಿಸ್ಕಿನ ಮೇಲೆ ಬರೆಯುವುದುಂಟೆಂಬುದು ಹಲವರಿಗೆ ತಿಳಿಯದು.

ಕಡತಗಳು ಕಂಡೊಡನೆ ಅವುಗಳನ್ನು ಎಕ್ಸ್ಟ್4 ಇರುವ ಬೇರೆ ಡಿಸ್ಕಿಗೆ ಇಳಿಸಿಕೊಳ್ಳಬೇಕು. ಮುಂದೆ ಯಂತ್ರದ ಕರ್ನೆಲ್ಲು ಬದಲಾದರೆ ಈ ಮಾಡ್ಯೂಲು ಕೂಡದು; 6.12ರೊಳಗಿನ ಬದಲಾವಣೆಯಾದರೆ ಮರಳಿ ಕಟ್ಟಬಹುದು, 6.13 ಅಥವಾ ಅದರ ಮುಂದಿನದಾದರೆ ಕಟ್ಟಲು ಮೂಲಬರಹವೇ ಅದರಲ್ಲಿರುವುದಿಲ್ಲ.