ಒಂದು ಪದ, ಎರಡು ಅರ್ಥ

ಮಕ್ಕಳೇ, ಈ ವಾಕ್ಯವನ್ನು ಓದಿರಿ.

“ಅಡಿಕೆಯ ಮೂಟೆ ಹೊತ್ತು ಮನೆ ತಲಪುವಾಗ ಹೊತ್ತು ಮುಳುಗಿತ್ತು.”

ಮೊದಲನೆಯ ‘ಹೊತ್ತು’ ಎಂದರೆ ತಲೆಯ ಮೇಲೆ ಇಟ್ಟುಕೊಂಡು. ಎರಡನೆಯ ‘ಹೊತ್ತು’ ಎಂದರೆ ಸೂರ್ಯ. ‘ಹೊತ್ತಾಯಿತು, ಏಳು’ ಎಂದು ಅಮ್ಮ ಕರೆದರೆ ಅಲ್ಲಿ ಅದು ಸಮಯ. ನಿಮಗೆ ಎಲ್ಲಿಯೂ ಗೊಂದಲವಾಗಲಿಲ್ಲ, ಅಲ್ಲವೇ? ಅಕ್ಕಪಕ್ಕದ ಪದಗಳು ಸರಿಯಾದ ಅರ್ಥವನ್ನು ತೋರಿಸಿಕೊಟ್ಟವು.

ಬೇರೆ ಭಾಷೆಗಳಲ್ಲಿಯೂ ಹೀಗೆಯೇ. ಕಾಸರಗೋಡಿನಿಂದ ರೈಲಿನಲ್ಲಿ ದಕ್ಷಿಣಕ್ಕೆ ಹೋದರೆ ತಲಶ್ಶೇರಿ ಕಳೆದ ಮೇಲೆ ಮಾಹಿ ಸಿಗುತ್ತದೆ. 1954ರ ವರೆಗೆ ಅಲ್ಲಿ ಫ್ರೆಂಚರ ಆಡಳಿತವಿತ್ತು. ಆ ಫ್ರೆಂಚರ ಭಾಷೆಯ ಕೆಲವು ಪದಗಳನ್ನು ನೋಡೋಣ.

ಫ್ರೆಂಚಿನಲ್ಲಿ ‘ಅವೊಕಾ’ ಎಂದರೆ ವಕೀಲ. ಬೆಣ್ಣೆಹಣ್ಣಿಗೂ ‘ಅವೊಕಾ’ ಎಂದೇ ಹೆಸರು! ‘ಅವೊಕಾ ನ್ಯಾಯಾಲಯಕ್ಕೆ ಹೋದರು’ ಎಂದರೆ ವಕೀಲರು ಹೋದರು. ‘ಅವೊಕಾ ಚೆನ್ನಾಗಿ ಮಾಗಿದೆ’ ಎಂದರೆ? ನೀವೇ ಹೇಳಿರಿ. ವಕೀಲ ಎಂಬ ಅರ್ಥದ ಪದ ಲ್ಯಾಟಿನ್ ಭಾಷೆಯಿಂದ ಬಂದುದು. ಹಣ್ಣಿನ ಹೆಸರು ದೂರದ ಮೆಕ್ಸಿಕೊದಿಂದ ಸ್ಪೇನಿನವರ ಮೂಲಕ ಬಂದುದು. ಬೇರೆ ಬೇರೆ ಊರಿನ ಇಬ್ಬರು ಒಂದೇ ಬಗೆಯ ಅಂಗಿ ತೊಟ್ಟಂತಾಯಿತು!

‘ತಾಂ’ ಎಂಬ ಪದಕ್ಕೆ ಸಮಯ ಎಂದೂ ಅರ್ಥ, ಹವೆ ಎಂದೂ ಅರ್ಥ. ‘ಓಟ್’ ಎಂದರೆ ಅತಿಥಿ. ಅತಿಥಿಯನ್ನು ಉಪಚರಿಸುವ ಮನೆಯವನೂ ‘ಓಟ್’!

ನುಡಿಗಟ್ಟುಗಳು ಇನ್ನೂ ತೊಡಕು. ‘ಅವನು ನನಗೆ ಮೊಲ ಇಟ್ಟ’ ಎಂದು ಫ್ರೆಂಚರು ಹೇಳುತ್ತಾರೆ. ಅಲ್ಲಿ ಮೊಲವೂ ಇಲ್ಲ, ಗೂಡೂ ಇಲ್ಲ. ಬರುತ್ತೇನೆಂದು ಹೇಳಿ ಬಾರದೆ ಕಾಯಿಸಿದ ಎಂದು ಅರ್ಥ. ‘ನನ್ನಲ್ಲಿ ಜಿರಳೆ ಇದೆ’ ಎಂದರೆ ಮನಸ್ಸಿಗೆ ಬೇಸರವಾಗಿದೆ ಎಂದು ಅರ್ಥ. ನಗು ಬಂತೇ? ‘ಅವನು ಕೈ ಕೊಟ್ಟ’, ‘ಅವನಿಗೆ ಹೊಟ್ಟೆಕಿಚ್ಚು’ ಎಂದು ನಾವೂ ಹೇಳುತ್ತೇವಲ್ಲ! ಕನ್ನಡ ಹೊಸದಾಗಿ ಕಲಿಯುವವರು ಕೊಟ್ಟ ಕೈಯನ್ನು ಹುಡುಕಿಯಾರು, ಕಿಚ್ಚು ಆರಿಸಲು ನೀರು ತಂದಾರು!

ನಮ್ಮ ಊರಿನಲ್ಲಿಯೇ ನೋಡಿರಿ. ಕನ್ನಡದಲ್ಲಿ ‘ಪಟ್ಟಿ’ ಎಂದರೆ ಹೆಸರುಗಳನ್ನು ಸಾಲಾಗಿ ಬರೆದುದು. ಮಲಯಾಳದಲ್ಲಿ ‘ಪಟ್ಟಿ’ ಎಂದರೆ ನಾಯಿ. ‘ಪಟ್ಟಿಯಲ್ಲಿ ನೀನೂ ಇದ್ದೀ’ ಎಂದು ನೀವು ಹೇಳಿದಾಗ ಮಲಯಾಳ ಮಾತನಾಡುವ ಗೆಳೆಯನ ಮುಖ ಬಾಡಿದರೆ ನಗಬೇಡಿರಿ. ಅರ್ಥ ಬಿಡಿಸಿ ಹೇಳಿರಿ. ಅವನ ಮಾತು ನಿಮಗೆ ಚುಚ್ಚಿದಂತಾದರೆ ಜಗಳಕ್ಕೆ ನಿಲ್ಲಬೇಡಿರಿ. ‘ಹಾಗೆಂದರೆ ಏನು?’ ಎಂದು ಮೊದಲು ಕೇಳಿರಿ. ಗೆಳೆತನವೂ ಉಳಿಯುತ್ತದೆ, ಹೊಸ ಪದವೊಂದೂ ದೊರೆಯುತ್ತದೆ.

ಪದಗಳ ಅರ್ಥ
ಉಪಚರಿಸು – ಸತ್ಕಾರ ಮಾಡು
ತೊಡಕು – ಗೊಂದಲ, ಬಿಡಿಸಲು ಕಷ್ಟವಾದುದು
ಕಿಚ್ಚು – ಬೆಂಕಿ

ಅಭ್ಯಾಸ

ಅ. ಉತ್ತರ ಬರೆಯಿರಿ.
1. ‘ಅವೊಕಾ’ ಎಂಬ ಪದಕ್ಕೆ ಎರಡು ಅರ್ಥಗಳು ಹೇಗೆ ಬಂದವು?
2. ‘ಮೊಲ ಇಟ್ಟ’ ಎಂಬುದಕ್ಕೆ ಹತ್ತಿರವಾದ ಕನ್ನಡದ ಮಾತು ಯಾವುದು?

ಆ. ಎರಡೆರಡು ಅರ್ಥ ಬರುವಂತೆ ವಾಕ್ಯ ರಚಿಸಿರಿ.
ಅರಸು, ಕಾಡು, ಹತ್ತು

ಇ. ಕನ್ನಡದ ಪದದಂತೆಯೇ ಕೇಳಿಸಿ ಬೇರೆ ಅರ್ಥ ಕೊಡುವ ತುಳು, ಮಲಯಾಳ ಪದಗಳನ್ನು ಹಿರಿಯರಲ್ಲಿ ಕೇಳಿ ಸಂಗ್ರಹಿಸಿರಿ.