ಧ್ರುವಪ್ರದೇಶದ ಓಝೋನ್ ಪದರವೂ ನಮ್ಮ ಹತ್ತಿಯ ಹೊಲವೂ

ಬೇಸಿಗೆಯ ನಡುಹಗಲಿನಲ್ಲಿ ತುಂಗಭದ್ರೆಯ ಮರಳು ಕಾದು ಕಾಲಿಡಲಾಗದಂತಾದಾಗ, ಓಝೋನ್ ಪದರಕ್ಕೆ ತೂತು ಬಿದ್ದುದರಿಂದಲೇ ಈ ಉರಿ ಎಂಬ ಮಾತು ಮಂತ್ರಾಲಯ, ಆದವಾನಿ ಸೀಮೆಯಲ್ಲಿಯೂ ಕೇಳಿಬರುವುದುಂಟು. ಈ ಮಾತು ಸರಿಯಲ್ಲ. ಆ ರಂಧ್ರ ಕಾಣಿಸಿಕೊಳ್ಳುವುದು ದಕ್ಷಿಣಧ್ರುವ ಪ್ರದೇಶದ ಮೇಲೆ. ನಮ್ಮ ಬಿಸಿಲಿಗೆ ಅದು ಕಾರಣವಲ್ಲ. ಆದರೆ ಭೂಮಿಯ ಹವೆ ಬದಲಾಗುತ್ತಿರುವುದಕ್ಕೂ ಧ್ರುವಗಳ ಓಝೋನಿಗೂ ನಿಕಟವಾದ ಸಂಬಂಧವಿದೆ. ಆ ಸಂಬಂಧದ ಒಂದು ಎಳೆ ನಮ್ಮ ಹೊಲದವರೆಗೂ ಬಂದಿದೆ.

ನೆಲದಿಂದ ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದ ಸ್ತರಗೋಲದಲ್ಲಿರುವ ಓಝೋನ್, ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆದು ಜೀವಿಗಳನ್ನು ಕಾಯುತ್ತದೆ. ಅದನ್ನೆಲ್ಲ ನೆಲಮಟ್ಟದ ಒತ್ತಡಕ್ಕೆ ತಂದರೆ ಅದರ ದಪ್ಪ ಕೇವಲ 3 ಮಿಲಿಮೀಟರಿನಷ್ಟು! ಬಿಸಿಲು ನೇರವಾಗಿ ಬೀಳುವ ನಮ್ಮಂತಹ ಉಷ್ಣವಲಯದ ಆಕಾಶದಲ್ಲಿಯೇ ಅದು ಹೆಚ್ಚಾಗಿ ಹುಟ್ಟಿ, ಮೇಲಿನ ಗಾಳಿಯ ನಿಧಾನವಾದ ಹರಿವಿನಲ್ಲಿ ಧ್ರುವಗಳತ್ತ ಸಾಗುತ್ತದೆ.

ಅಂಟಾರ್ಕ್ಟಿಕದ ಮೇಲೆ ಈ ಪದರ ಬಹಳ ತೆಳುವಾಗಿರುವುದನ್ನು ಬ್ರಿಟಿಷ್ ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದರು. ಶೀತಕಯಂತ್ರಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್‌ಗಳಿಂದ ಬಂದ ಕ್ಲೋರಿನ್ ಇದಕ್ಕೆ ಮುಖ್ಯ ಕಾರಣ. 1987ರ ಮಾಂಟ್ರಿಯಲ್ ಒಪ್ಪಂದ ಅವುಗಳಿಗೆ ಕಡಿವಾಣ ಹಾಕಿತು. ಭಾರತವು 1992ರಲ್ಲಿ ಆ ಒಪ್ಪಂದವನ್ನು ಸೇರಿತು.

ಇಲ್ಲಿ ಹವೆಯ ಬದಲಾವಣೆಯ ಪಾತ್ರವೇನು? ಇಂಗಾಲದ ಡೈಆಕ್ಸೈಡ್ ನೆಲದ ಬಳಿ ಶಾಖವನ್ನು ಹಿಡಿದಿಡುತ್ತದೆ. ಸ್ತರಗೋಲದಲ್ಲಿ ಅದೇ ಅನಿಲ ಶಾಖವನ್ನು ಆಕಾಶಕ್ಕೆ ಸೂಸಿ ಚಳಿಯನ್ನು ಹೆಚ್ಚಿಸುತ್ತದೆ. ಧ್ರುವದ ಚಳಿಗಾಲದಲ್ಲಿ ಉಷ್ಣತೆ ಸುಮಾರು ಮೈನಸ್ 78 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಲ್ಲಿ ವಿಶಿಷ್ಟವಾದ ಮೋಡಗಳು ಮೂಡುತ್ತವೆ. ಅವುಗಳ ಮೇಲ್ಮೈಯಲ್ಲಿ ಕ್ಲೋರಿನ್ ಚುರುಕುಗೊಂಡು, ವಸಂತದ ಬೆಳಕು ಬಿದ್ದೊಡನೆ ಓಝೋನನ್ನು ನಾಶಮಾಡುತ್ತದೆ. 2011ರಲ್ಲಿಯೂ 2020ರಲ್ಲಿಯೂ ಚಳಿ ದೀರ್ಘವಾದಾಗ ಉತ್ತರಧ್ರುವದಲ್ಲಿಯೂ ಭಾರಿ ನಷ್ಟವಾಯಿತು. ಇನ್ನೊಂದೆಡೆ, ಸ್ತರಗೋಲದ ಮೇಲ್ಭಾಗದಲ್ಲಿ ತಂಪು ಹೆಚ್ಚಿದಂತೆ ಓಝೋನ್ ನಾಶ ನಿಧಾನವಾಗುತ್ತದೆ. ಧ್ರುವಗಳತ್ತ ಸಾಗುವ ಗಾಳಿಯ ಹರಿವು ಬಿರುಸಾದರೆ ಅಲ್ಲಿ ಓಝೋನ್ ಹೆಚ್ಚಿ, ನಮ್ಮ ಉಷ್ಣವಲಯದಲ್ಲಿ ತುಸು ಕಡಿಮೆಯಾಗಬಹುದು.

ಇನ್ನು ನಮ್ಮ ಹೊಲದ ವಿಚಾರ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ ಅಮೆರಿಕದಲ್ಲಿ ಖ್ಯಾತರಾದ ವಾಯುಮಂಡಲ ರಸಾಯನವಿಜ್ಞಾನಿ ಎ. ಆರ್. ರವಿಶಂಕರ ಅವರು 2009ರಲ್ಲಿ ಸಹೋದ್ಯೋಗಿಗಳೊಂದಿಗೆ ಒಂದು ಮುಖ್ಯ ಸಂಗತಿಯನ್ನು ತೋರಿಸಿಕೊಟ್ಟರು: ಮಾನವನು ಇಂದು ಹೊರಬಿಡುತ್ತಿರುವ ಓಝೋನ್‌ನಾಶಕಗಳಲ್ಲಿ ನೈಟ್ರಸ್ ಆಕ್ಸೈಡೇ ಪ್ರಧಾನ. ಹಸಿರುಮನೆ ಅನಿಲವೂ ಆದ ಇದು ಒಂದು ಶತಮಾನಕ್ಕೂ ಮಿಕ್ಕಿ ವಾಯುಮಂಡಲದಲ್ಲಿ ಉಳಿಯುತ್ತದೆ. ಬೆಳೆ ಹೀರದೆ ಬಿಟ್ಟ ಸಾರಜನಕ ಗೊಬ್ಬರ ಇದರ ದೊಡ್ಡ ಮೂಲ. ಮಾಂಟ್ರಿಯಲ್ ಒಪ್ಪಂದ ಇದನ್ನು ನಿಯಂತ್ರಿಸುವುದಿಲ್ಲ. ಆದ್ದರಿಂದ ಹತ್ತಿ ಬೆಳೆಯುವ ನಮ್ಮ ರೈತನು ಮಣ್ಣನ್ನು ಪರೀಕ್ಷಿಸಿ, ಯೂರಿಯಾವನ್ನು ಅಗತ್ಯವಿದ್ದಷ್ಟೇ, ಕಂತುಕಂತಾಗಿ ಹಾಕಿದರೆ ಹಣವೂ ಉಳಿಯುತ್ತದೆ, ಆಕಾಶವೂ ಉಳಿಯುತ್ತದೆ.

2022ರ ಅಂತರರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಈಗಿನ ನೀತಿಗಳು ಮುಂದುವರಿದರೆ ಓಝೋನ್ ಪದರವು ಉತ್ತರಧ್ರುವದಲ್ಲಿ ಸುಮಾರು 2045ಕ್ಕೂ ಅಂಟಾರ್ಕ್ಟಿಕದಲ್ಲಿ ಸುಮಾರು 2066ಕ್ಕೂ 1980ರ ಮಟ್ಟವನ್ನು ಮುಟ್ಟುವುದು. ಇಂದು ನಮ್ಮ ಶಾಲೆಯ ಒಂದನೆಯ ತರಗತಿಯಲ್ಲಿ ಕುಳಿತ ಮಗುವಿಗೆ ಆಗ ಐವತ್ತು ಸಮೀಪಿಸಿರುತ್ತದೆ. ಅದರ ಸುವರ್ಣ ವರ್ಷಕ್ಕೆ ಆ ಕೊಡೆಯನ್ನು ಹರಿಯದಂತೆ ಒಪ್ಪಿಸುವುದು ನಮ್ಮೆಲ್ಲರ ಹೊಣೆ.