ಗಿಳಿಯ ತಿಂಡಿಗೆ ಹಿತ್ತಿಲೇ ಸಾಕು

ನಾಲ್ಕು ವರ್ಷದ ಹಿಂದೆ ಮಗಳು ಮಂಗಳೂರಿನಿಂದ ಒಂದು ಕಾಕಟೀಲ್ ತಂದಳು. ತಲೆಯಲ್ಲಿ ಜುಟ್ಟು, ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು ಇರುವ ಆಸ್ಟ್ರೇಲಿಯಾ ಮೂಲದ ಚಿಕ್ಕ ಗಿಳಿ. (ನಮ್ಮ ಕಾಡಿನ ಹಸಿರು ಗಿಳಿಯನ್ನು ಗೂಡಿನಲ್ಲಿಡುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಅವು ತೋಟಕ್ಕೆ ಬಂದು ಪೇರಳೆ ತಿಂದು ಹೋಗುತ್ತವಲ್ಲ, ಅಷ್ಟೇ ಇರಲಿ.)

ಮನೆಯವರ ಪ್ರೀತಿಯೆಲ್ಲ ಅದಕ್ಕೆ ನೆಲಗಡಲೆಯ ರೂಪದಲ್ಲೇ ಸಿಗುತ್ತಿತ್ತು. ನಾನು ಎರಡು ಬೀಜ, ಅಮ್ಮ ಎರಡು, ಮಗಳು ಎರಡು. ಊಟಕ್ಕೆ ಸೂರ್ಯಕಾಂತಿ ಬೀಜ, ಚಹಾದ ಹೊತ್ತಿಗೆ ಬಿಸ್ಕತ್ತು. ಮೂರು ವರ್ಷ ಆಗುವಾಗ ಒಂದು ಬೆಳಿಗ್ಗೆ ಗೂಡಿನ ತಳದಲ್ಲಿ ಸತ್ತು ಬಿದ್ದಿತ್ತು. ಚಳಿಗೆ ಹೋಯಿತು ಅಂದುಕೊಂಡೆವು. ಪರಿಚಯದ ಪಶುವೈದ್ಯರು ಕೊಯ್ದು ನೋಡಿದರು. ಲಿವರ್ ಊದಿ ಹಳದಿಯಾಗಿತ್ತು, ಕೊಬ್ಬು ತುಂಬಿತ್ತು. ಏನು ಹಾಕ್ತಿದ್ರಿ ಅಂತ ಕೇಳಿದರು. ಗೋಣಿಯ ತಳದಲ್ಲಿ ಉಳಿದ ನೆಲಗಡಲೆ ತೋರಿಸಿದೆ. ಮೂಸಿ ನೋಡಿ, "ಬೂಷ್ಟಿನ ವಾಸನೆ ಉಂಟಲ್ಲ. ಈ ವಾಸನೆಯ ಹಿಂಡಿ ಹಸುವಿಗೆ ಹಾಕ್ತೀರಾ?" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಬೂಷ್ಟಿನಿಂದ ಬರುವ ಅಫ್ಲಟಾಕ್ಸಿನ್ ವಿಷ ಲಿವರಿಗೇ ಪೆಟ್ಟು ಕೊಡುವಂಥದ್ದು. ಹುರಿದರೂ ಪೂರ್ತಿ ಹೋಗದು.

ಮನೆಗೆ ಬಂದು ಲೆಕ್ಕ ಹಾಕಿದೆ. ಹಕ್ಕಿಯ ತೂಕ 90 ಗ್ರಾಂ. ಒಂದು ನೆಲಗಡಲೆ ಬೀಜ ಸುಮಾರು ಅರ್ಧ ಗ್ರಾಂ. 60 ಕಿಲೋ ಇರುವ ನನಗೆ ಅದೇ ಲೆಕ್ಕದಲ್ಲಿ 330 ಗ್ರಾಂ ಆಯಿತು! ದಿನಕ್ಕೆ ಆರು ಬೀಜ ಅಂದರೆ ನಾನು ಎರಡು ಕಿಲೋ ನೆಲಗಡಲೆ ತಿಂದ ಹಾಗೆ. ಹಸುವಿನ ಹಿಂಡಿ ತೂಗಿ ಹಾಕುವ ನಾವು ಹಕ್ಕಿಗೆ ಮುಷ್ಟಿಯಲ್ಲಿ ಹಾಕುತ್ತೇವೆ.

ಈಗಿರುವುದು ಎರಡನೆಯದು. ಇದರ ತಿಂಡಿ ಮಾಡುವುದು ಹೀಗೆ: ರಾಗಿ ಹಿಟ್ಟು ಎರಡು ಚಮಚ, ಬೇಯಿಸಿ ಹಿಸುಕಿದ ಚೀನಿಕಾಯಿ ಮೂರು ಚಮಚ, ಸಣ್ಣಗೆ ಕೊಚ್ಚಿದ ನುಗ್ಗೆಸೊಪ್ಪು ಒಂದು ಚಮಚ, ಒಂದು ಚಿಟಿಕೆ ನವಣೆ. ಉಪ್ಪು, ಬೆಲ್ಲ, ಎಣ್ಣೆ ಬೇಡ. ಕಲಸಿ ಕಾಳುಮೆಣಸಿನ ಗಾತ್ರದ ಉಂಡೆ ಮಾಡಿ, ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆ ಕೊಡಿ. ಆಮೇಲೆ ತೆಳು ಬಟ್ಟೆ ಮುಚ್ಚಿ ಬಿಸಿಲಿಗಿಡಿ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡು ಇದ್ದರೆ ಅಲ್ಲೇ ಒಂದು ಮೂಲೆ ಸಾಕು. ಉಂಡೆ ಒತ್ತಿದರೆ ಟಕ್ಕನೆ ಒಡೆಯಬೇಕು, ಮೆತ್ತಗಾದರೆ ಒಣಗಿಲ್ಲ. ಅರೆ ಒಣಗಿದ್ದನ್ನು ಭರಣಿಗೆ ಹಾಕಿದರೆ ಮತ್ತದೇ ಬೂಷ್ಟು. ಮಳೆಗಾಲದಲ್ಲಿ ಒಣಗಿಸುವ ಗೋಜೇ ಬೇಡ; ಎರಡು ದಿನಕ್ಕೆ ಬೇಕಾದಷ್ಟೇ ಮಾಡಿ ಫ್ರಿಜ್ಜಿನಲ್ಲಿಡಿ.

ಬರೀ ಬೀಜ ತಿನ್ನುವ ಗಿಳಿಗೆ ಎ ಜೀವಸತ್ವ ಕಡಿಮೆ ಬೀಳುತ್ತದೆ. ಚೀನಿಕಾಯಿ, ನುಗ್ಗೆಸೊಪ್ಪು ಸೇರಿಸುವುದು ಅದಕ್ಕೇ. ಪಪ್ಪಾಯಿ ತುಂಡು, ಮೊಳಕೆ ಬಂದ ಹೆಸರುಕಾಳು ಕೂಡಾ ಆಗುತ್ತದೆ. ಗಾಂಧಾರಿ ಮೆಣಸು ಕೊಟ್ಟು ನೋಡಿ, ತಮಾಷೆ ಇದೆ. ಹಕ್ಕಿಗಳಿಗೆ ಖಾರ ತಾಗುವುದೇ ಇಲ್ಲ. ಆದರೆ ಅತ್ಯಂತ ಖುಷಿಯಿಂದ ತಿನ್ನುವುದು ಇಡೀ ನವಣೆ ತೆನೆಯನ್ನು. ಮಳೆ ಕಳೆದ ಮೇಲೆ ಹಿತ್ತಿಲಲ್ಲಿ ಒಂದು ಮುಷ್ಟಿ ಎರಚಿದರೆ 80-90 ದಿನಕ್ಕೆ ತೆನೆ ಕೈಗೆ ಬರುತ್ತದೆ. ಪೇಟೆಯಲ್ಲಿ ಇದನ್ನೇ ಪ್ಯಾಕೆಟ್ ಮಾಡಿ ಮಾರುತ್ತಾರೆ.

ಯಾವುದೇ ತಿಂಡಿ ಇರಲಿ, ದಿನದ ಆಹಾರದ ಹತ್ತನೇ ಒಂದು ಪಾಲು ಮೀರಬಾರದು. ನೆಲಗಡಲೆ ನಾನು ಪೂರ್ತಿ ಬಿಟ್ಟೆ.

ತೋಟದವರು ಗಮನಿಸಬೇಕಾದ್ದು ಬೇರೆಯೇ ಉಂಟು. ಬೋರ್ಡೋ ಹೊಡೆದ ಅಡಿಕೆ ಮರದ ಕೆಳಗಿನ ಸೊಪ್ಪು ಕೊಡಬೇಡಿ, ಮೈಲುತುತ್ತು ಅಂಟಿಕೊಂಡಿರುತ್ತದೆ. ಬಿತ್ತನೆಗೆಂದು ಔಷಧಿ ಸವರಿದ ಬೀಜ ಹತ್ತಿರವೂ ಬರಬಾರದು. ಈಗ ಕೆಲವರ ತೋಟದಲ್ಲಿ ಬೆಣ್ಣೆಹಣ್ಣಿನ ಗಿಡ ಇದೆ. ನಮಗೆ ಒಳ್ಳೆಯದೇ, ಆದರೆ ಗಿಳಿಗೆ ಹಣ್ಣು, ಎಲೆ ಎಲ್ಲವೂ ವಿಷ. ಚಾಕಲೇಟು, ಕಾಫಿ, ನೀರುಳ್ಳಿ ಕೂಡಾ ಬೇಡ. ಹುರಿಯಲು ಕಬ್ಬಿಣದ ಕಾವಲಿ ಬಳಸಿ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದರೆ ಬರುವ ಹೊಗೆಗೆ ಹಕ್ಕಿ ನಿಮಿಷಗಳಲ್ಲಿ ಸಾಯಬಹುದು.

ಗಿಳಿ ಕಾಯಿಲೆಯನ್ನು ಮುಚ್ಚಿಡುತ್ತದೆ. ಗರಿ ಉಬ್ಬಿಸಿ ಕೂತಾಗ ತಡವಾಗಿರುತ್ತದೆ. ಅದಕ್ಕೇ ವಾರಕ್ಕೊಮ್ಮೆ ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ತೂಗಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ತೂಕ ಇಳಿಯುತ್ತಾ ಬಂದರೆ ಕಾಯದೆ ವೈದ್ಯರಲ್ಲಿಗೆ. ಕಳೆದ ವಾರ 92 ಗ್ರಾಂ ಇತ್ತು.

ಅಮ್ಮ ಮಾತ್ರ ಈಗಲೂ ನಾನು ತೋಟಕ್ಕೆ ಹೋದದ್ದು ನೋಡಿ ಅದಕ್ಕೆ ಬಿಸ್ಕತ್ತು ಕೊಡುತ್ತಾರೆ. ನಿಲ್ಲಿಸುವ ಉಪಾಯ ಯಾರಲ್ಲಾದರೂ ಇದ್ದರೆ ತಿಳಿಸಿ.